ಬಾಯಮ್ಮನ ಟಿಲ್ಲರ್ ಅರ್ಜಿ

ಬಾಯಮ್ಮನ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ನೇಗಿಲು ತಾಗಿ ಹೋದದ್ದಂತೆ. ಆ ಕಾಲಿಗೆ ಅವರು ಚಪ್ಪಲಿ ಮೆಟ್ಟಿದ್ದನ್ನು ನಾನು ಕಂಡದ್ದು ಎರಡೇ ಕಡೆ: ಭಾನುವಾರದ ಇಗರ್ಜಿಯಲ್ಲಿ ಮತ್ತು ನಮ್ಮ ಕಚೇರಿಯಲ್ಲಿ.

ಉಡುಪಿ ಪ್ರತ್ಯೇಕ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಬಾಗಲಕೋಟೆ ಕಡೆಯಿಂದ ಕಾಪು ಹತ್ತಿರದ ಕೃಷಿ ಕಚೇರಿಗೆ ಗುಮಾಸ್ತನಾಗಿ ಬಂದ ನನಗೆ ಶಿರ್ವದಲ್ಲಿ ಬಾಡಿಗೆಗೆ ಕೋಣೆ ಕೊಟ್ಟವರು ಅವರು. ಕ್ರಿಶ್ಚಿಯನ್ ಹೆಂಗಸರನ್ನು ಊರವರು ಬಾಯಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡ ಮೇಲೆ ಗದ್ದೆ ಅವರ ಹೆಸರಿಗೆ ಬಂದಿತ್ತು. ಸುತ್ತಲಿನವರು ಗಲ್ಫ್ ದುಡ್ಡಿನಲ್ಲಿ ಮನೆ ಎಬ್ಬಿಸಿ, ಬೇಸಾಯ ನಿಲ್ಲಿಸಿ ಗದ್ದೆಗಳನ್ನು ಹಡಿಲು ಬಿಟ್ಟಿದ್ದರು. ನೀವೂ ಬಿಟ್ಟುಬಿಡಿ ಎಂದವರಿಗೆ ಬಾಯಮ್ಮನದ್ದು ಒಂದೇ ಉತ್ತರ: "ನನಗೆ ಕೈಕಾಲು ಉಂಟಲ್ಲ? ಮತ್ತೆ ಎಂತಕ್ಕೆ ಬಿಡುವುದು?"

ಒಂದು ಭಾನುವಾರ ಬಾಡಿಗೆ ಟಿಲ್ಲರಿನವನು ಅರ್ಧ ಗದ್ದೆ ಉತ್ತು, ಯಂತ್ರವನ್ನು ಅಲ್ಲೇ ಬಿಟ್ಟು ಊಟಕ್ಕೆ ಹೋದವನು ತಿರುಗಿ ಬರಲಿಲ್ಲ. ಬಾಯಮ್ಮ ಸೀರೆ ಎತ್ತಿ ಕಟ್ಟಿ ತಾವೇ ಟಿಲ್ಲರ್ ಹಿಡಿದರು. ಮೊದಲ ಸುತ್ತಿನಲ್ಲಿ ಬದುವನ್ನೇ ಕೆಡವಿದರು. ಸಂಜೆಯೊಳಗೆ ಉಳಿದರ್ಧ ಮುಗಿದಿತ್ತು. ನಾನು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದ್ದೆ.

ಆ ವಾರವೇ ಸರಕಾರದ ಸಹಾಯಧನದಲ್ಲಿ ಸ್ವಂತ ಟಿಲ್ಲರ್ ಬೇಕೆಂದು ಅರ್ಜಿ ಹಾಕಿದರು. ಅದನ್ನು ಬರೆದುಕೊಟ್ಟವನು ನಾನು.

ನಮ್ಮ ಅಧಿಕಾರಿ ಅರ್ಜಿ ನೋಡಿ ನಕ್ಕರು. "ಹೆಂಗಸರು ಟಿಲ್ಲರ್ ಓಡಿಸುವುದಾ? ಮೈದುನ ಇದ್ದಾನಲ್ಲ, ಅವನ ಹೆಸರಲ್ಲಿ ಹಾಕಲಿ. ಇದಕ್ಕೆ 'ಯಂತ್ರ ಚಲಾಯಿಸಲು ಅಸಮರ್ಥರು' ಅಂತ ಷರಾ ಬರೆಯಿರಿ."

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬರೆದೆ. ಮನೆಗೆ ಹೋಗಿ ಅವರಿಗೆ ಹೇಳಲೂ ಇಲ್ಲ.

ಹದಿನೈದು ದಿನ ಕಾದು ಬಾಯಮ್ಮ ಕಚೇರಿಗೇ ಬಂದರು. ಅಧಿಕಾರಿ ಅರ್ಜಿಯನ್ನು ಅವರತ್ತ ತಳ್ಳಿದರು. ಬಾಯಮ್ಮ ಕನ್ನಡಕ ಹಾಕಿಕೊಂಡು ನಿಂತೇ ಓದಿದರು. ಬೆರಳಿಟ್ಟು ಮೇಲೆ ನೋಡಿದರು, ಕೆಳಗೆ ನೋಡಿದರು. ಅರ್ಜಿ ಬರೆದ ಅಕ್ಷರವೂ ತಿರಸ್ಕರಿಸಿದ ಅಕ್ಷರವೂ ಒಂದೇ. ನಾನು ತಲೆ ತಗ್ಗಿಸಿದೆ.

"ಅಸಮರ್ಥರು ಅಂತ ಉಂಟು. ನಾನು ಓಡಿಸುವುದನ್ನು ನೋಡಿದ್ದು ಯಾರು, ನೀವಾ?" ಎಂದು ಅಧಿಕಾರಿಯನ್ನು ಕೇಳಿದರು.

"ನೋಡುವುದು ಎಂತ ಉಂಟಮ್ಮ ಅದರಲ್ಲಿ? ಮೈದುನನನ್ನು ಕಳಿಸಿ."

"ಗದ್ದೆ ನನ್ನದು. ಕೆಸರಿಗೆ ಇಳಿಯುವುದು ನಾನು. ಅವನ ಹೆಸರು ಎಂತಕ್ಕೆ? ನೋಡಿದವರು ಇದೇ ಕಚೇರಿಯಲ್ಲಿ ಒಬ್ಬರು ಇದ್ದಾರೆ. ಅವರನ್ನು ಕೇಳಿ ಮಾರಾಯ್ರೆ."

ನನ್ನತ್ತ ಕೈ ತೋರಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಕುರ್ಚಿ ಎಳೆದು ಕುಳಿತುಬಿಟ್ಟರು.

ನಾನು ಎದ್ದು ನಿಂತೆ. ಜೋಪಾನವಾಗಿ ಕಲಿತಿದ್ದ ಇಲ್ಲಿನ ಕನ್ನಡ ಬಾಯಿಗೆ ಬರಲಿಲ್ಲ, ನಮ್ಮೂರ ಮಾತೇ ಬಂತು. "ನಾ ಕಣ್ಣಾರೆ ನೋಡೀನ್ರಿ ಸರ್. ಅವರು ಟಿಲ್ಲರ್ ಹೊಡಿತಾರ್ರಿ. ನಾ ಬರದದ್ದು ಸುಳ್ಳೈತಿ."

ತಿಂಗಳೊಳಗೆ ನನ್ನನ್ನು ಕಾರ್ಕಳಕ್ಕೆ ಎತ್ತಿಹಾಕಿದರು. ಬಾಯಮ್ಮ ಬಿಡಲಿಲ್ಲ. ಆ ಷರಾದ ಪ್ರತಿ ಹಿಡಿದುಕೊಂಡು ಉಡುಪಿಯ ಮೇಲಿನ ಕಚೇರಿಗೆ ಹೋದರು, ಮತ್ತೆ ಹೋದರು, ಮಳೆಗಾಲವಿಡೀ ಹೋದರು. ಮರುವರ್ಷ ಟಿಲ್ಲರ್ ಬಂತು, ಅವರದೇ ಹೆಸರಿನಲ್ಲಿ. ನೆರೆಹೊರೆಯ ನಾಲ್ಕು ಹಡಿಲು ಗದ್ದೆಗಳನ್ನೂ ಗೇಣಿಗೆ ಹಿಡಿದು ಉತ್ತರು. ನೋಡಲು ಹೋದ ದಿನ ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಗಂಜಿ ತಣಿಯುತ್ತದೆ, ಉಣ್ಣು" ಎಂದರು, ಅಷ್ಟೇ.

ಕೆಲವು ವರ್ಷಗಳ ಮೇಲೆ ಅದೇ ಕಚೇರಿಯವರು ಮಾದರಿ ರೈತ ಮಹಿಳೆ ಎಂದು ಶಾಲು ಹೊದಿಸಲು ಕರೆದರು. ಬಾಯಮ್ಮ ಹೋಗಲಿಲ್ಲ. "ಶಾಲು ಅಲ್ಲೇ ಇರಲಿ. ನನ್ನ ನಂತರ ಅರ್ಜಿ ಹಾಕಿದ ಹೆಂಗಸರದ್ದು ಎಂತ ಆಯಿತು, ಅದನ್ನು ಹೇಳಲಿ" ಎಂದು ಹೇಳಿ ಕಳಿಸಿದರು.

ಮುಂದೊಂದು ದಿನ ಎದೆನೋವೆಂದು ಮಣಿಪಾಲದ ಆಸ್ಪತ್ರೆಗೆ ಹೋದ ಬಾಯಮ್ಮ ಜೀವಂತ ಮರಳಲಿಲ್ಲ. ಸುದ್ದಿ ತಿಳಿದು ಕಾರ್ಕಳದಿಂದ ಬಸ್ಸು ಹತ್ತಿದೆ. ಸಮಾಧಿಯ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿಯುವಾಗ, ಹೊಸದಾಗಿ ಬಂದಿದ್ದ ಪಾದ್ರಿಗಳು ನೀವು ಇವರಿಗೆ ಏನಾಗಬೇಕು ಎಂದು ಕೇಳಿದರು.

"ಇವರ ಮನೆಯಲ್ಲಿ ಬಾಡಿಗೆಗಿದ್ದೆ" ಎಂದೆ.

ಪಕ್ಕದಲ್ಲಿದ್ದ ಬಾಯಮ್ಮನ ಮಗಳು ಕಣ್ಣೊರೆಸಿಕೊಂಡಳು. "ಅಲ್ಲ ಫಾದರ್," ಎಂದಳು, "ಇವರು ಅಮ್ಮನ ಸಾಕ್ಷಿ."