ಅತ್ತೆಯ ಕಣ್ಣಿಗೆ ಬಿದ್ದ ತಂತಿ

ದೇವರುಗಳನ್ನು ಆಕಾಶದಲ್ಲಿ ಹಾರಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಮದರಾಸಿನ ಒಂದು ಸ್ಟುಡಿಯೋದಲ್ಲಿ ಟ್ರಿಕ್ ಕ್ಯಾಮೆರಾ ಹಿಡಿದವನು ಅರವತ್ತರ ದಶಕ ಮುಗಿಯುವಷ್ಟರಲ್ಲಿ ನಿರ್ದೇಶಕನಾದೆ. ಸಮುದ್ರ ಸೀಳಬೇಕೇ, ಗುಡ್ಡ ಎತ್ತಬೇಕೇ, ರಾಕ್ಷಸನ ತಲೆ ಕಡಿದಷ್ಟೂ ಚಿಗುರಬೇಕೇ, ನಿರ್ಮಾಪಕರು ನನ್ನ ಮನೆ ಹುಡುಕಿಕೊಂಡು ಬರುತ್ತಿದ್ದರು. ಪತ್ರಿಕೆಯವರು ನನ್ನನ್ನು ಮಾಯಗಾರ ಅಂತ ಬರೆದರು. ನಾಚಿಕೆಯಿಲ್ಲದೆ ನಾನೂ ನಂಬಿದೆ. ನಂಬದೇ ಉಳಿದವಳು ಕುರುಗೋಡಿನ ನನ್ನ ಸೋದರತ್ತೆ ಒಬ್ಬಳೇ.

ಹುಟ್ಟಿದ್ದು ಸಿರುಗುಪ್ಪದಲ್ಲಾದರೂ ನಾನು ಬೆಳೆದದ್ದು ಮಕ್ಕಳಿಲ್ಲದ ಈ ಅತ್ತೆ ಮಾವನ ಮನೆಯಲ್ಲಿ. ಅವಳು ಮೊರ ಹಿಡಿದು ಅಕ್ಕಿ ಹಸನು ಮಾಡಲು ಕೂತರೆ ನೋಡಬೇಕು. ಬಾಯಿ ಓಣಿಯ ಸುದ್ದಿಯೆಲ್ಲ ಹೇಳುತ್ತಿತ್ತು, ಕಣ್ಣು ಮಾತ್ರ ಒಂದು ಕಲ್ಲನ್ನೂ ಬಿಡುತ್ತಿರಲಿಲ್ಲ. ಅವಳಿಗೆ ಲೋಕದಲ್ಲಿ ಇದ್ದದ್ದೇ ಎರಡು ಬಗೆ, ಹಸನಾದದ್ದು ಮತ್ತು ಹಸನಿಲ್ಲದ್ದು. ಅಕ್ಕಿಗೂ ಅದೇ ಮಾತು, ಊರಿನ ಅಳಿಯಂದಿರಿಗೂ ಅದೇ ಮಾತು.

ನನ್ನ ಮೊದಲ ಚಿತ್ರ ಬಳ್ಳಾರಿಗೆ ಬಂದಾಗ ಅವಳನ್ನು ಬಸ್ಸು ಹತ್ತಿಸಿಕೊಂಡು ಕರೆದೊಯ್ದೆ. ಪರದೆಯ ಮೇಲೆ ಗಂಧರ್ವ ಮೋಡಗಳ ನಡುವೆ ತೇಲಿ ಬಂದ. ಹಿಂದಿನ ಸಾಲಿನವರು ಕೈಮುಗಿದರು. ಅತ್ತೆ ಎಲೆ ಅಡಿಕೆ ಅಗಿಯುತ್ತಲೇ, “ಲೇ ತಮ್ಮಾ, ಅದು ಮೋಡ ಅಲ್ಲಲೇ, ಹತ್ತಿ. ಬೀಜಾನೂ ತಗದಿಲ್ಲ ನೋಡು” ಅಂದಳು. ಊರಿನ ಅಭಿಮಾನಕ್ಕೆ ಆ ಹತ್ತಿಯನ್ನು ಬಳ್ಳಾರಿಯಿಂದಲೇ ತರಿಸಿದ್ದೆ. ಬೀಜ ಇದ್ದದ್ದು ನನಗೇ ಗೊತ್ತಿರಲಿಲ್ಲ.

ಎರಡನೇ ಚಿತ್ರದಲ್ಲಿ ನಾನು ತಂತಿಗೆ ತೂಗಿಬಿಟ್ಟು ಹಾರಿಸಿದ ದೇವರನ್ನು ನೋಡಿ, “ಅವನ ಹೆಗಲ ಮ್ಯಾಲೆ ತಂತಿ ಕಾಣ್ತೈತಿ. ಹಸನಿಲ್ಲ.” ಮುಂದಿನದರಲ್ಲಿ ತಂತಿಗೆ ಮಸಿ ಬಳಿದು ಸುತ್ತ ಹೊಗೆ ಬಿಟ್ಟೆ. “ಇಷ್ಟು ಹೊಗಿ ಯಾಕ? ತಂತಿ ಮುಚ್ಚಾಕೇನು?” ಅಂತ ಕೇಳಿದಳು, ಅದೂ ಇಡೀ ಥಿಯೇಟರಿಗೆ ಕೇಳುವ ಹಾಗೆ. ನನಗೆ ಹಾರ ತುರಾಯಿ ಸಾಕಾಗಿತ್ತು. ಅವಳ ಬಾಯಿಂದ ಹಸನೈತಿ ಎಂಬ ಮಾತೊಂದು ಬೇಕಿತ್ತು. ಅದಕ್ಕಾಗಿ ಒಳಗೊಳಗೇ ಸಾಯುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಚಿತ್ರಕ್ಕೆ ಹಿಂದಿನ ಆಕಾಶದ ಬಣ್ಣವನ್ನೇ ತಂತಿಗೆ ನಾನೇ ಕೂತು ಬಳಿದೆ. ಆದರೂ ಒಂದು ಕಡೆ ದೀಪದ ಬೆಳಕಿಗೆ ತಂತಿ ಮಿಣುಕೆಂದಿತ್ತು. ಮತ್ತೆ ತೆಗೆಯೋಣ ಎಂದರೆ ನಿರ್ಮಾಪಕರಿಗೆ ಅವಸರ. ಬಳ್ಳಾರಿಯಲ್ಲಿ ಆ ದೃಶ್ಯ ಬಂದಾಗ ನಾನು ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ದೇವರು ಸಮುದ್ರ ದಾಟಿ ಆಚೆ ಇಳಿದ. ಅತ್ತೆ ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡಳು. ಆಮೇಲೆ, “ಹಸನೈತಿ” ಅಂದಳು.

ಆವತ್ತು ನಾನು ತಂತಿಯೇ ಇಲ್ಲದೆ ಹಾರಿದೆ. ಕುರುಗೋಡಿನ ಬಸ್ಸಿನಲ್ಲಿ ಕಂಡಕ್ಟರನಿಗೂ ಸುದ್ದಿ ಹೇಳಿದೆ.

ಮನೆಗೆ ಬಂದು ಊಟಕ್ಕೆ ಕೂತೆವು. ಮೊದಲ ತುತ್ತಿಗೇ ಹಲ್ಲಿನಡಿ ಕಟಕ್ ಎಂದಿತು. ಕಲ್ಲು! ಆ ಮನೆಯ ಅನ್ನದಲ್ಲಿ ನಾನು ಕಲ್ಲು ಕಂಡವನೇ ಅಲ್ಲ. ಮುಂದಿನ ತುತ್ತಿನಲ್ಲಿ ಇನ್ನೊಂದು. ಮಾವ ಮಾತ್ರ ಸುಖವಾಗಿ ಉಣ್ಣುತ್ತಿದ್ದ. ಅವನಿಗೆ ಹಲ್ಲೇ ಇರಲಿಲ್ಲ. ಅತ್ತೆಯ ಕಡೆ ನೋಡಿದೆ. ಲೋಟದ ಅಂಚನ್ನು ಬೆರಳಿನಿಂದ ತಡಕಿಕೊಂಡು ಮಜ್ಜಿಗೆ ಸುರಿಯುತ್ತಿದ್ದಳು.

“ಅತ್ತೀ, ಕಣ್ಣು ಸರಿ ಕಾಣ್ತಾವೇನು?” ಅಂತ ಕೇಳಿದೆ. ಮಧ್ಯಾಹ್ನದ ಆ ಖುಷಿಯೆಲ್ಲ ಅಲ್ಲೇ ಇಳಿದುಹೋಯಿತು.

“ಕಣ್ಣಿಗೆ ಪೊರಿ ಬಂದೈತಲೇ. ವಯಸ್ಸಾಗಿಲ್ಲೇನು ನನಗ?” ಅಂತ ಸಲೀಸಾಗಿ ಹೇಳಿದಳು. ದವಾಖಾನೆ ಎಂದ ಕೂಡಲೇ ಸಲೀಸೆಲ್ಲ ಹೋಯಿತು. ಕಣ್ಣಿಗೆ ಚಾಕು ಹಾಕಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಳು. ಬೇಡಿಕೊಂಡೆ, ಬೈದೆ, ಮಾವನಿಂದಲೂ ಹೇಳಿಸಿದೆ. ಕಡೆಗೆ, “ನನ್ನ ಪಿಚ್ಚರಿನ್ಯಾಗ ತಪ್ಪು ಹುಡುಕೋರು ಯಾರದಾರ ಅತ್ತೀ? ಎಲ್ಲಾರೂ ಬರೇ ಹೊಗಳ್ತಾರ” ಅಂದೆ.

“ಅದೂ ಖರೇನ ಬಿಡು” ಅಂದು ಮರುದಿನ ಬಳ್ಳಾರಿಗೆ ಹೊರಟಳು.

ಆಪರೇಷನ್ ಆಯಿತು. ದಪ್ಪ ಗಾಜಿನ ಕನ್ನಡಕ ಬಂತು. ಅಷ್ಟರಲ್ಲಿ ಅದೇ ಚಿತ್ರ ಸಿರುಗುಪ್ಪದ ಟೂರಿಂಗ್ ಟಾಕೀಸಿಗೆ ಬಂದಿತ್ತು. ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತೆ. ದೇವರು ಹಾರಿದ. ಜೀವಮಾನವೆಲ್ಲ ತಂತಿ ಮುಚ್ಚಿದ ನಾನು ಅದು ಕಾಣಲಪ್ಪಾ, ಕಾಣಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವನು ಅರ್ಧ ಸಮುದ್ರ ದಾಟುವಷ್ಟರಲ್ಲಿ ಅತ್ತೆ ಕತ್ತು ಮುಂದೆ ಚಾಚಿದಳು.

“ಲೇ ತಮ್ಮಾ,” ಅಂದಳು, “ಅಗಾ, ಅಲ್ಲಿ ಮಿಣಕ್ಕಂತು! ತಂತೀ!”

ನಾನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದೆ. ಮುಂದಿನವರು ತಿರುಗಿ ನೋಡಿದರು. ದೇವರಿಗೆ ಹೊಡೆದದ್ದು ಅಂದುಕೊಂಡು ಅವರೂ ಹೊಡೆದರು.

ಗದ್ದಲ ಇಳಿದ ಮೇಲೆ ಕೇಳಿದೆ, “ಹಂಗಾರ ಆವತ್ತು ಹಸನೈತಿ ಅಂತ ಯಾಕಂದಿ ಅತ್ತೀ?”

“ಆವತ್ತು ನನಗೇನು ಕಂಡಿತ್ತಲೇ? ನೀ ನನ್ನ ಕೈ ಹಿಡಕೊಂಡು ಉಸುರು ಬಿಗಿಹಿಡದು ಕುಂತಿದ್ದಿ. ಪಾಪ ಅನಿಸ್ತು, ಅಂದೆ.” ಕನ್ನಡಕ ಸರಿಮಾಡಿಕೊಂಡು ಮತ್ತೆ ಪರದೆಯ ಕಡೆ ತಿರುಗಿದಳು. “ಇವತ್ತ ಖರೆ ಹೇಳ್ತೀನಿ ಕೇಳು. ಹಸನಿಲ್ಲ.”