ತಿರುಪಿನ ಮೇಲಿನ ಕೆಂಪು ಗೆರೆ

ಝಾಫಿರ್ ಮಿಂಚೆವ್ ಅವರಿಗೆ ಈಗ ಅರವತ್ತೊಂದು. ಬಲ್ಗೇರಿಯಾದ ತ್ರೊಯಾನ್ ಪಟ್ಟಣದಿಂದ ನದಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವರ ಗ್ಯಾರೇಜಿದೆ. ಮೂವತ್ತೆರಡು ವರ್ಷ ಅದನ್ನು ಇಬ್ಬರು ನಡೆಸಿದರು. ಪಂದ್ಯದ ಕಾರಿನ ಎಂಜಿನ್ ಹದಗೊಳಿಸುವುದು ಝಾಫಿರ್ ಅವರ ಪಾಲು. ಆ ಕಾರನ್ನು ಗುಡ್ಡದ ರಸ್ತೆಯ ಪಂದ್ಯಗಳಲ್ಲಿ ಓಡಿಸುವುದು ತಮ್ಮ ಸ್ತಾಮೆನ್‌ನ ಪಾಲು. ಮಾರ್ಚಿನಲ್ಲಿ ಪ್ಲಮ್ ಮರಗಳ ಕೊಂಬೆ ಸವರುತ್ತಿದ್ದ ಸ್ತಾಮೆನ್ ಅಲ್ಲೇ ಕುಸಿದು ತೀರಿಕೊಂಡ. ಅಲ್ಲಿನ ರೂಢಿಯಂತೆ ಕಪ್ಪು ಅಂಚಿನ ಹಾಳೆಯಲ್ಲಿ ಅವನ ಭಾವಚಿತ್ರ ಅಚ್ಚಾಗಿ ಗ್ಯಾರೇಜಿನ ಬಾಗಿಲಿಗೆ ಅಂಟಿತು. ನಲವತ್ತನೆಯ ದಿನಕ್ಕೆ ಅದರ ಪಕ್ಕದಲ್ಲಿ ಇನ್ನೊಂದು.

"ತಿಥಿ ದಿನ ಬೇಯಿಸಿದ ಗೋಧಿ ತಿನ್ತಾ ಎಲ್ರೂ ನನ್ನ ಮುಖ ನೋಡ್ತಿದ್ರು, ಯಾವಾಗ ಅಳ್ತಾನೆ ಅಂತ," ಎಂದರು ಝಾಫಿರ್, ನಾನು ಗ್ಯಾರೇಜಿಗೆ ಹೋದಾಗ. "ನಾನು ಸಕ್ಕರೆ ಜಾಸ್ತಿಯಾಯ್ತು ಅಂತ ಯೋಚಿಸ್ತಿದ್ದೆ."

ಸ್ತಾಮೆನ್‌ನ ಮಗಳು ರುಮ್ಯಾನಾ ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸೆಪ್ಟೆಂಬರಿನ ಪಂದ್ಯಕ್ಕೆ ಅಪ್ಪನ ಕಾರನ್ನು ತಾನೇ ಓಡಿಸುವುದಾಗಿ ಅವಳು ಹೆಸರು ಕೊಟ್ಟು ಬಂದಳು. ಸ್ತಾಮೆನ್ ಸಾಯುವ ಮುಂಚಿನ ಚಳಿಗಾಲದಲ್ಲಿ ಅಣ್ಣತಮ್ಮಂದಿರು ಎಂಜಿನ್ನಿಗೆ ಬಲ ಹೆಚ್ಚಿಸುವ ಟರ್ಬೊ ಕೂರಿಸಿ ಹೊಸದಾಗಿ ಜೋಡಿಸಿದ್ದರು. ಅದು ಇನ್ನೂ ರಸ್ತೆಗೆ ಇಳಿದಿರಲಿಲ್ಲ. ಮೊದಲ ಓಟದಲ್ಲೇ ಕಪ್ಪು ಹೊಗೆ ಬಂತು. ಪ್ಲಗ್ಗುಗಳ ಮೇಲೆ ಮಸಿ ಕಟ್ಟಿತ್ತು, ಎಂಜಿನ್ ಎಣ್ಣೆ ಪೆಟ್ರೋಲಿನ ವಾಸನೆ ಹೊಡೆಯುತ್ತಿತ್ತು. ಪೆಟ್ರೋಲ್ ಅಳತೆ ಮೀರಿ ಒಳಗೆ ಹೋಗುತ್ತಿತ್ತು. ಎಣ್ಣೆ ಹಾಗೆ ತೆಳುವಾಗುತ್ತ ಹೋದರೆ ಬೇರಿಂಗ್ ಹಿಡಿದುಕೊಂಡು, ಏರಿನ ಯಾವುದಾದರೂ ತಿರುವಿನಲ್ಲಿ ಚಕ್ರಗಳು ಕಚ್ಚಿ ನಿಲ್ಲಬಹುದು.

ಪೆಟ್ರೋಲಿನ ಒತ್ತಡವನ್ನು ಹಿಡಿತದಲ್ಲಿಡುವುದು ಒಂದು ಪುಟ್ಟ ತಿರುಪು. ಅದು ಅಲುಗದಂತೆ ಮೇಲೊಂದು ನಟ್ಟು. ಎರಡರ ಮೇಲೂ ಹಾದುಹೋಗುವಂತೆ ಸ್ತಾಮೆನ್ ಒಂದು ಕೆಂಪು ಗೆರೆ ಎಳೆದಿದ್ದ. ತಿರುಪು ಸರಿದರೆ ಗೆರೆ ಮುರಿದು ತಿಳಿಯುತ್ತದೆ. ಬಣ್ಣ ಮಗಳ ಉಗುರುಬಣ್ಣದ ಸೀಸೆಯದು. ಗೆರೆ ಎಳೆದ ವಾರವೇ ಅವನು ಸತ್ತದ್ದು.

ಝಾಫಿರ್ ಮೂರು ವಾರ ಆ ಗೆರೆಯ ಸುತ್ತ ಕೆಲಸ ಮಾಡಿದರು. ಪ್ಲಗ್ ಬದಲಾಯಿತು, ಪೆಟ್ರೋಲ್ ಚಿಮ್ಮುವ ಇಂಜೆಕ್ಟರುಗಳು ಬದಲಾದವು, ತಂತಿಗಳು ಬದಲಾದವು. ಹೊಗೆ ನಿಲ್ಲಲಿಲ್ಲ.

"ದೊಡ್ಡಪ್ಪಾ, ಇನ್ನು ಉಳಿದಿರೋದು ನಾನು ಕೂರೋ ಸೀಟು," ಎಂದಳು ರುಮ್ಯಾನಾ. "ಅದನ್ನೂ ಬಿಚ್ಚಿ ನೋಡ್ತೀಯಾ?"

"ಬಾಯ್ಮುಚ್ಕೊಂಡು ದೀಪ ಹಿಡ್ಕೋ."

"ಹಿಡ್ದಿದ್ದೀನಿ. ನೀನು ನೋಡ್ಬೇಕಾದ ಕಡೆ ನೋಡ್ತಿಲ್ಲ. ಒತ್ತಡ ಎಷ್ಟಿದೆ ಅಂತ ಒಂದ್ಸಲಾನಾದ್ರೂ ನೋಡಿದ್ಯಾ?"

ಅವರು ನೋಡಿರಲಿಲ್ಲ. ಹೊಗೆಯ ಕಾರಣ ಮೊದಲ ದಿನವೇ ಗೊತ್ತಿತ್ತು, ನೋಡಿದರೆ ತಿರುಪು ಮುಟ್ಟಬೇಕಾಗುತ್ತಿತ್ತು ಎಂದು ನನಗೆ ಹೇಳಿದರು. ಧ್ವನಿಯಲ್ಲಿ ಏರಿಳಿತವಿರಲಿಲ್ಲ.

ಪಂದ್ಯಕ್ಕೆ ಎರಡು ದಿನ ಉಳಿದಿತ್ತು. ಬಾಗಿಲಿಗೆ ಆರನೆಯ ತಿಂಗಳ ಹಾಳೆಯೂ ಬಂದಿತ್ತು. ಬೆಳಗ್ಗೆ ಹತ್ತಕ್ಕೆ ಝಾಫಿರ್ ಪೆಟ್ರೋಲ್ ಕೊಳವೆಗೆ ಮಾಪಕ ಸಿಕ್ಕಿಸಿ ಎಂಜಿನ್ ಶುರು ಮಾಡಿದರು. ಎಂಜಿನ್ನಿನಿಂದ ಆ ತಿರುಪು ಕೂತಿರುವ ಡಬ್ಬಿಗೆ ಬರುವ ಸಣ್ಣ ಗಾಳಿ ಕೊಳವೆಯನ್ನು ಕಳಚಿ ಬಾಯಿ ಮುಚ್ಚಿದರು. ಆ ಕೊಳವೆ ಇದ್ದರೆ ಮಾಪಕ ನಿಜವಾದ ಅಂಕಿ ತೋರುವುದಿಲ್ಲ. ಒತ್ತಡಕ್ಕೆ ಅವರ ಗ್ಯಾರೇಜಿನ ಲೆಕ್ಕ ಯಾವತ್ತೂ ಮೂರು ಬಾರ್. ಮುಳ್ಳು ಮೂರನ್ನು ದಾಟಿ ಮೂರೂವರೆಯಲ್ಲಿ ನಿಂತಿತು.

ಗೆರೆ ಎಲ್ಲೂ ಮುರಿದಿರಲಿಲ್ಲ. ಅಂದರೆ ತಿರುಪು ಸರಿದ ನಂತರವೇ ಗೆರೆ ಬಿದ್ದಿತ್ತು. ನಟ್ಟು ಬಿಗಿಯುವಾಗ ಇನ್ನೊಂದು ಕೈಯಲ್ಲಿ ತಿರುಪನ್ನು ಅಲುಗದಂತೆ ಹಿಡಿಯಬೇಕು. ಹಿಡಿಯದಿದ್ದರೆ ನಟ್ಟಿನ ಜತೆ ಅದೂ ತಿರುಗಿ ಒತ್ತಡ ಏರುತ್ತದೆ. ಮೂವತ್ತೆರಡು ವರ್ಷ ಝಾಫಿರ್ ತಮ್ಮನನ್ನು ಬೈದದ್ದು ಇದೊಂದಕ್ಕೇ.

"ಅಪ್ಪ ಹಿಡ್ಕೊಂಡಿರ್ಲಿಲ್ಲ, ಅಲ್ವಾ?" ಎಂದಳು ರುಮ್ಯಾನಾ.

"ಅವ್ನ ಎಡಗೈಲಿ ಯಾವಾಗ್ಲೂ ಸಿಗರೇಟು."

ಝಾಫಿರ್ ನಟ್ಟು ಸಡಿಲಿಸಿದರು. ಗೆರೆ ಅಲ್ಲಿಗೆ ಎರಡು ತುಂಡಾಯಿತು. ತಿರುಪನ್ನು ಹಿಂದಕ್ಕೆ ತಿರುಗಿಸುತ್ತ ಮುಳ್ಳು ಮೂರಕ್ಕೆ ಬಂದಾಗ ನಿಲ್ಲಿಸಿದರು. ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟು, ತಾವು ತಿರುಪನ್ನು ಹಿಡಿದುಕೊಂಡರು.

"ಬಿಗಿ ಮಾಡು. ಮೆಲ್ಲಗೆ. ನಿನ್ನಪ್ಪನ ಥರ ಅಲ್ಲ."

ಅವಳು ಬಿಗಿ ಮಾಡಿದಳು. ಮುಳ್ಳು ಅಲುಗಲಿಲ್ಲ. ಗಾಳಿ ಕೊಳವೆಯನ್ನು ಮತ್ತೆ ಸಿಕ್ಕಿಸಿದಾಗ ಎರಡೂವರೆಗೆ ಇಳಿಯಿತು, ಇಳಿಯಬೇಕಾದದ್ದು ಅಷ್ಟೇ. ರುಮ್ಯಾನಾ ಚೀಲದಿಂದ ಉಗುರುಬಣ್ಣದ ಸೀಸೆ ತೆಗೆದಳು.

"ಹೊಸ ಗೆರೆ ಎಳೀಲಾ?"

"ಬೇಡ."

"ಸರಿದ್ರೆ ಹೆಂಗೆ ಗೊತ್ತಾಗುತ್ತೆ?"

"ದಿನಾ ಅಳೀತೀನಿ."

ಕೊಳೆಯಾದ ಎಣ್ಣೆ ಬಸಿದು ಹೊಸತು ತುಂಬಿದರು. ಭಾನುವಾರ ಹದಿನೇಳು ಕಾರುಗಳಲ್ಲಿ ಅವಳದು ಹನ್ನೊಂದನೆಯದು. ಕಾರು ಗುಡ್ಡ ಇಳಿದು ಬಂದ ಕೂಡಲೇ ಝಾಫಿರ್ ಎಣ್ಣೆಯ ಅಳತೆ ಕಡ್ಡಿಯನ್ನು ಎಳೆದು ಮೂಸಿದರು. ಎಣ್ಣೆಯ ವಾಸನೆ ಮಾತ್ರ.

"ಆಗ ಏನನ್ನಿಸಿತು?" ಎಂದು ಕೇಳಿದೆ.

"ಏನೂ ಅನ್ನಿಸ್ಲಿಲ್ಲ. ಕಡ್ಡಿ ಒರೆಸಿ ಒಳಗಿಟ್ಟೆ."

ಈಗಲೂ ಗ್ಯಾರೇಜು ತೆರೆದೊಡನೆ ಅವರು ಗಾಳಿ ಕೊಳವೆ ಕಳಚಿ, ಮಾಪಕ ಸಿಕ್ಕಿಸಿ ನೋಡುತ್ತಾರೆ. ಮುಳ್ಳು ಮೂರರಲ್ಲಿದೆ. ಗೆರೆಯ ಅರ್ಧ ನಟ್ಟಿನ ಮೇಲೆ, ಅರ್ಧ ತಿರುಪಿನ ಮೇಲೆ. ಎರಡರ ನಡುವೆ ಗೋಧಿ ಕಾಳಿನಷ್ಟು ಅಂತರ.