ಮುಳ್ಳುತಂತಿಯ ಗಾಳ

"ರಾಜಸ್ಥಾನದ ಈ ಕೆರೆಯಲ್ಲಿ ಮೀನು ಹಿಡಿಯಲು ಪರವಾನಗಿ ಯಾರು ಕೊಡುತ್ತಾರೆ?" ಎನ್ನುತ್ತ ನಮ್ಮ ಮನೆ ಮಾಲೀಕ ಕ್ರಾಮರ್ ನನ್ನ ಊಟದ ಮೇಜಿನ ಮೇಲೆ ನಕ್ಷೆ ಹರಡಿದಾಗ ನನಗೆ ದಿಗಿಲಾಯಿತು. ಬಾಂಗ್ಲಾ ಯುದ್ಧ ಮುಗಿದು ಇನ್ನೂ ವರ್ಷವಾಗಿರಲಿಲ್ಲ. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕೂತ ಮುದುಕನಿಗೆ ನಮ್ಮ ಗಡಿರಾಜ್ಯದ ನಕ್ಷೆ ಯಾಕೆ? ಮರುಭೂಮಿಯಲ್ಲಿ ಮೀನಂತೆ!

ಅಡುಗೆಮನೆಯಿಂದ ಹೆಂಡತಿ ಕನ್ನಡದಲ್ಲೇ ಎಚ್ಚರಿಸಿದಳು: "ರೀ, ಸ್ಪೈ ಗಿಪೈ ಇದ್ದಾನು! ನಾಳೆ ಪೊಲಿತ್ಸೈ ಬಂದು ನಮ್ಮನ್ನೇ ಹಿಡ್ಕೊಂಡ್ರೆ?"

"ಅಲ್ಲಿ ಬರೀ ಮರಳು, ಕೆರೆಗಿರೆ ಏನೂ ಇಲ್ಲ" ಎಂದು ಮುಖ ಗಂಟಿಕ್ಕಿ ಹೇಳಿದೆ.

"ನೀವು ಹೋಗಿದ್ದೀರಾ?"

ಇಲ್ಲವೆಂದೆ.

"ನಾನು ನಾಲ್ಕು ವರ್ಷ ಇದ್ದೆ. ಮಹಾಯುದ್ಧದಲ್ಲಿ, ಬ್ರಿಟಿಷರ ಸೆರೆಶಿಬಿರದಲ್ಲಿ."

ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು, ತುಕ್ಕು ಹಿಡಿದ ಗಾಳವೊಂದನ್ನು ನನ್ನ ಅಂಗೈಯಲ್ಲಿಟ್ಟರು. ಶಿಬಿರದ ಬೇಲಿಯ ಮುಳ್ಳುತಂತಿಯನ್ನು ಬಗ್ಗಿಸಿ ಅಲ್ಲಿಯ ಭಾರತೀಯ ಕಾವಲುಗಾರನೇ ಮಾಡಿಕೊಟ್ಟದ್ದಂತೆ. ಭಾನುವಾರಗಳಂದು ಬಂದೂಕು ಹೆಗಲಿಗೇರಿಸಿಕೊಂಡು ಅವನೇ ಕೆರೆಗೆ ಕರೆದೊಯ್ಯುತ್ತಿದ್ದನಂತೆ. ಈಗ ಅವನನ್ನು ಹುಡುಕಿ, ಅದೇ ಕೆರೆಯಲ್ಲಿ ಇನ್ನೊಮ್ಮೆ ಜೊತೆಗೆ ಕೂರಬೇಕಂತೆ.

ಪರವಾನಗಿಯ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟೆ. ಸಹಿ ಹಾಕಿಸುವಾಗ ಅವರ ಮುಖ ನೋಡಲಾಗಲಿಲ್ಲ. ಸೆರೆಸಿಕ್ಕ ಶತ್ರುವನ್ನೇ ಆ ಕಾವಲುಗಾರ ನಂಬಿದ್ದ. ಇರಲು ಮನೆ ಕೊಟ್ಟವರನ್ನು ನಾನು ನಂಬಿರಲಿಲ್ಲ.